ಕುಂಬಾರನ ಸಿಟ್ಟು, ಹಾವಿನ ವಾದ

ಪೋಲಾಸಪುರದ ಸದ್ದಾಲಪುತ್ತ ದೊಡ್ಡ ಕುಂಬಾರ. ಊರ ಹೊರಗೆ ಅವನಿಗೆ ಐನೂರು ಮಡಕೆ ಅಂಗಡಿಗಳಿದ್ದವು ಎಂದು ಜೈನ ಆಗಮಗಳಲ್ಲಿ ಒಂದಾದ ‘ಉಪಾಸಕದಶಾ’ ಹೇಳುತ್ತದೆ. ಅವನು ಆಜೀವಿಕ ಪಂಥದವನು. ಆಗುವುದೆಲ್ಲ ಮೊದಲೇ ಗೊತ್ತಾಗಿಹೋಗಿದೆ, ಮನುಷ್ಯನ ಪ್ರಯತ್ನಕ್ಕೆ, ಬಲಕ್ಕೆ ಅಲ್ಲಿ ಏನೂ ಕೆಲಸವಿಲ್ಲ ಎಂದು ನಂಬಿದವನು. ಅವನು ಹಸಿ ಮಡಕೆಗಳನ್ನು ಬಿಸಿಲಿಗೆ ಇಡುತ್ತಿದ್ದಾಗ ಮಹಾವೀರ, ಇವು ಹೇಗೆ ಆದವು ಎಂದು ಕೇಳುತ್ತಾನೆ. ಮಣ್ಣು ತಂದು, ನೀರು ಹಾಕಿ ಕಲಸಿ, ಬೂದಿ ಸಗಣಿ ಬೆರೆಸಿ, ತಿಗುರಿಯ ಮೇಲೆ ಇಟ್ಟು ತಿರುಗಿಸಿದ್ದರಿಂದ ಆದವು ಎನ್ನುತ್ತಾನೆ ಕುಂಬಾರ. ಹಾಗಿದ್ದರೆ ಪ್ರಯತ್ನದಿಂದ ಆದವಲ್ಲವೇ? ಇಲ್ಲ, ಪ್ರಯತ್ನ ಎಂಬುದೇ ಇಲ್ಲ, ಎಲ್ಲವೂ ನಿಯತ.

ಆಗ ಮಹಾವೀರ ಮಡಕೆಯ ಮಾತು ಬಿಟ್ಟು ಕಳ್ಳನ ಮಾತೆತ್ತುತ್ತಾನೆ. ಯಾರಾದರೂ ಈ ಮಡಕೆಗಳನ್ನು ಕದ್ದರೆ, ಒಡೆದುಹಾಕಿದರೆ, ನಿನ್ನ ಹೆಂಡತಿ ಅಗ್ಗಿಮಿತ್ತೆಯನ್ನು ಕೆಣಕಿದರೆ ಏನು ಮಾಡುತ್ತೀಯೆ? ಬೈಯುತ್ತೇನೆ, ಕಟ್ಟಿಹಾಕಿ ಹೊಡೆಯುತ್ತೇನೆ, ಜೀವ ತೆಗೆದರೂ ತೆಗೆದೇನು ಎಂದು ಕುಂಬಾರ ಹೇಳುತ್ತಾನೆ. ಎಲ್ಲವೂ ನಿಯತವಾಗಿದ್ದರೆ ಕದ್ದವನೂ ಇಲ್ಲ, ಒಡೆದವನೂ ಇಲ್ಲ. ಈ ಸಿಟ್ಟು ಯಾರ ಮೇಲೆ? ಸದ್ದಾಲಪುತ್ತನಲ್ಲಿ ಉತ್ತರವಿರಲಿಲ್ಲ. ಅವನು ಮಹಾವೀರನ ಉಪಾಸಕನಾದ.

ಇಚ್ಛಾಸ್ವಾತಂತ್ರ್ಯದ ಬಗ್ಗೆ ಈಚಿನ ಐವತ್ತು ಅರವತ್ತು ವರ್ಷಗಳಲ್ಲಿ ಬಂದ ಬರಹಗಳನ್ನು ಓದುವಾಗ ನಾನು ಮತ್ತೆ ಮತ್ತೆ ಈ ಕುಂಬಾರನ ಅಂಗಳಕ್ಕೆ ಹಿಂತಿರುಗಿದ್ದೇನೆ. ಮಹಾವೀರ ಇಲ್ಲಿ ನಿಯತಿವಾದ ಸುಳ್ಳೆಂದು ಸಾಧಿಸಲಿಲ್ಲ. ಲೋಕ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ನಿನ್ನ ಸಿದ್ಧಾಂತವನ್ನು ನೀನೇ ಬದುಕುತ್ತಿಲ್ಲ ಎಂದಷ್ಟೇ ತೋರಿಸಿದ. ಅಷ್ಟು ಸಾಕೇ ಎಂಬುದು ಈ ಲೇಖನದ ಉದ್ದಕ್ಕೂ ನನ್ನನ್ನು ಕಾಡುವ ಪ್ರಶ್ನೆ.

ಆಜೀವಿಕರ ಗುರು ಮಕ್ಖಲಿ ಗೋಸಾಲ. ಅವನ ಪಂಥದ ಗ್ರಂಥಗಳು ಉಳಿದಿಲ್ಲ. ಬೌದ್ಧರು, ಜೈನರು ಖಂಡಿಸಲೆಂದು ಎತ್ತಿಕೊಂಡ ಮಾತುಗಳಿಂದಲೇ ಅವನನ್ನು ಅರಿಯಬೇಕು. ನೂಲಿನ ಉಂಡೆಯನ್ನು ಎಸೆದರೆ ನೂಲು ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹಾಗೆಯೇ ಜಾಣನೂ ದಡ್ಡನೂ 84 ಲಕ್ಷ ಮಹಾಕಲ್ಪಗಳನ್ನು ಸುತ್ತಿ ತಮ್ಮಷ್ಟಕ್ಕೆ ಬಿಡುಗಡೆ ಹೊಂದುತ್ತಾರೆ ಎಂಬ ಹೋಲಿಕೆ ಅವನದು. ಬುದ್ಧ ತನ್ನ ಕಾಲದ ಗುರುಗಳಲ್ಲಿ ಅತಿ ಹೆಚ್ಚು ಅಪಾಯಕಾರಿ ಎಂದು ಕಂಡದ್ದು ಗೋಸಾಲನನ್ನೇ. ಆದರೂ ಪಂಥ ಬೇಗ ಅಳಿಯಲಿಲ್ಲ. ಅಶೋಕ ಗಯೆಯ ಹತ್ತಿರದ ಬರಾಬರ್ ಬೆಟ್ಟದ ಗುಹೆಗಳನ್ನು ಆಜೀವಿಕರಿಗೆ ಕೊಟ್ಟ. ದಕ್ಷಿಣದಲ್ಲಿ, ನಮ್ಮ ಕೋಲಾರ ಸೀಮೆಯೂ ಸೇರಿದಂತೆ, ಸುಮಾರು 14ನೆಯ ಶತಮಾನದವರೆಗೆ ಅವರು ಇದ್ದ ಕುರುಹು ಶಾಸನಗಳಲ್ಲಿದೆ. ಪ್ರಯತ್ನವೇ ಇಲ್ಲ ಎಂದವರು ಕಠಿಣ ತಪಸ್ಸು ಮಾಡುತ್ತಾ ಒಂದೂವರೆ ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಾಳಿದರು. ನಂಬಿಕೆಗೂ ನಡೆಗೂ ನಡುವಿನ ಬಿರುಕು ಸದ್ದಾಲಪುತ್ತನೊಬ್ಬನದೇ ಆಗಿರಲಿಲ್ಲ.

ಇಲ್ಲಿ ಎರಡು ಮಾತುಗಳನ್ನು ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದ್ದರಿಂದಲೇ ಎಷ್ಟೋ ವಾದಗಳು ಗೋಜಲಾಗಿವೆ. ಬೆಳೆ ಬರುವುದಿದ್ದರೆ ಬಂದೇ ಬರುತ್ತದೆ, ಬಿತ್ತುವುದೇಕೆ ಎನ್ನುವುದು ವಿಧಿವಾದ. ಬೆಳೆ ಬಂದರೆ ಬಿತ್ತಿದ್ದರಿಂದಲೇ ಬರುತ್ತದೆ, ಆದರೆ ರೈತ ಬಿತ್ತಲು ಹೊರಟದ್ದಕ್ಕೂ ಅವನ ಹಿಂದೆ ಕಾರಣಗಳ ಸಾಲು ಇದೆ ಎನ್ನುವುದು ಕಾರಣನಿಯತಿ. ಮೊದಲನೆಯದು ಪ್ರಯತ್ನವನ್ನು ವ್ಯರ್ಥವೆನ್ನುತ್ತದೆ, ಎರಡನೆಯದು ಪ್ರಯತ್ನವನ್ನೂ ಸರಪಳಿಯ ಒಂದು ಕೊಂಡಿ ಮಾಡುತ್ತದೆ. 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಕಲ್ಪಿಸಿದ್ದು ಈ ಎರಡನೆಯದನ್ನು. ಒಂದು ಕ್ಷಣದಲ್ಲಿ ಜಗತ್ತಿನ ಎಲ್ಲ ಕಣಗಳ ಸ್ಥಿತಿಯನ್ನೂ ಅವುಗಳ ಮೇಲಿನ ಬಲಗಳನ್ನೂ ಬಲ್ಲ ಬುದ್ಧಿಯೊಂದಿದ್ದರೆ ಅದಕ್ಕೆ ಹಿಂದಿನದೂ ಮುಂದಿನದೂ ಒಂದೇ ಸಮನೆ ಕಾಣುತ್ತದೆ ಎಂದ. ಮುಂದೆ ಕ್ವಾಂಟಮ್ ಭೌತಶಾಸ್ತ್ರ ಬಂದು ಕಣಗಳ ಲೋಕದಲ್ಲಿ ಆಕಸ್ಮಿಕಕ್ಕೂ ಜಾಗ ಕೊಟ್ಟಿತು. ಅದರಿಂದ ನಮ್ಮ ಪ್ರಶ್ನೆಗೆ ಹೆಚ್ಚೇನೂ ಬೆಳಕು ಸಿಕ್ಕಿಲ್ಲ: ನನ್ನ ಕೈ ದಾಳ ಉರುಳಿದಂತೆ ಎದ್ದರೆ, ಅದು ಸರಪಳಿ ಎಳೆದು ಎದ್ದದ್ದಕ್ಕಿಂತ ಹೆಚ್ಚು ನನ್ನದಾಗುವುದಿಲ್ಲ.

ಕರ್ಮಸಿದ್ಧಾಂತವನ್ನು ವಿಧಿವಾದದ ಜೊತೆ ಸೇರಿಸಿ ನೋಡುವುದು ರೂಢಿ. ಅದು ತಪ್ಪು. ವಿಧಿ ಮನುಷ್ಯನ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡರೆ ಕರ್ಮ ಎಲ್ಲವನ್ನೂ ಅವನ ತಲೆಗೇ ಕಟ್ಟುತ್ತದೆ. ದೈವವೆಂದರೆ ಹಿಂದೆ ಮಾಡಿದ ಪುರುಷಪ್ರಯತ್ನವೇ ಹೊರತು ಬೇರೇನೂ ಅಲ್ಲ ಎನ್ನುವ ಯೋಗವಾಸಿಷ್ಠ, ಹಿಂದಿನ ಪ್ರಯತ್ನವೂ ಇಂದಿನ ಪ್ರಯತ್ನವೂ ಎರಡು ಟಗರುಗಳ ಹಾಗೆ ಹಾಯ್ದಾಡುತ್ತವೆ, ಬಲವಿದ್ದದ್ದು ಗೆಲ್ಲುತ್ತದೆ ಎಂದು ಧೈರ್ಯ ತುಂಬುತ್ತದೆ. ಆದರೆ ಅದೇ ತತ್ತ್ವವನ್ನು ನೊಂದವನತ್ತ ತಿರುಗಿಸಿದರೆ ಎಷ್ಟು ಕ್ರೂರವಾಗುತ್ತದೆ ಎಂಬುದನ್ನು ಅಂಬೇಡ್ಕರರಷ್ಟು ನೇರವಾಗಿ ಹೇಳಿದವರು ವಿರಳ. 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅವರು ಹಿಂದಿನ ಜನ್ಮದ ಕರ್ಮವೆಂಬ ವಿವರಣೆಯನ್ನು ತಳ್ಳಿಹಾಕುತ್ತಾರೆ. ಬಡವನ ಬಡತನಕ್ಕೆ ಬಡವನೇ ಹೊಣೆಯಾದರೆ ಸಮಾಜಕ್ಕೆ, ಸರ್ಕಾರಕ್ಕೆ ಹೊಣೆಯೇ ಉಳಿಯುವುದಿಲ್ಲವಲ್ಲ. ಹೊಣೆಯ ಪ್ರಶ್ನೆಯನ್ನು ಎತ್ತುವಾಗ ಅದನ್ನು ಯಾರ ಹೆಗಲಿಗೆ ಏರಿಸುತ್ತಿದ್ದೇವೆ ಎಂದು ನೋಡಿಕೊಳ್ಳುವ ಎಚ್ಚರ ಪಶ್ಚಿಮದ ಬಹುಪಾಲು ಚರ್ಚೆಯಲ್ಲಿ ನನಗೆ ಕಂಡಿಲ್ಲ.

ವೇದಾಂತಿಗಳಿಗೆ ಈ ಪ್ರಶ್ನೆ ದೇವರ ಮೂಲಕ ಬಂತು. ಎಲ್ಲವನ್ನೂ ನಡೆಸುವವನು ಅವನಾದರೆ ಜೀವನು ಕರ್ತೃವೇ? ಅಲ್ಲವೆಂದರೆ, ಇದನ್ನು ಮಾಡು ಅದನ್ನು ಬಿಡು ಎಂದು ಶಾಸ್ತ್ರ ಯಾರಿಗೆ ಹೇಳುತ್ತದೆ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬಾದರಾಯಣ ಇದಕ್ಕೆ ಒಬ್ಬ ಬಡಗಿಯನ್ನು ಉದಾಹರಣೆಯಾಗಿ ಕರೆದು ತರುತ್ತಾನೆ. ಸೂತ್ರ ಒಂದೇ, ಬಡಗಿಯೂ ಒಬ್ಬನೇ. ಮೂವರು ಆಚಾರ್ಯರ ಕೈಯಲ್ಲಿ ಅವನು ಮೂವರಾಗುತ್ತಾನೆ. ಶಂಕರರ ಬಡಗಿ ಬಾಚಿ ಉಳಿ ಹಿಡಿದಿರುವಷ್ಟು ಹೊತ್ತು ದುಡಿದು ದಣಿಯುತ್ತಾನೆ, ಅವನ್ನು ಕೆಳಗಿಟ್ಟು ಮನೆಗೆ ಬಂದರೆ ಸುಖಿ. ಕರ್ತೃತ್ವವೆಂಬುದು ಉಪಾಧಿಯಿಂದ ಅಂಟಿದ್ದು, ಕಳಚಿಡಬಹುದಾದದ್ದು. ರಾಮಾನುಜರ ಬಡಗಿ ಉಪಕರಣಗಳು ಕೈಯಳತೆಯಲ್ಲಿದ್ದರೂ ಮನಸ್ಸಿದ್ದರೆ ಕೆಲಸ ಮಾಡುತ್ತಾನೆ, ಇಲ್ಲದಿದ್ದರೆ ಸುಮ್ಮನಿರುತ್ತಾನೆ. ಮಾಡುವ ಬಿಡುವ ಆಯ್ಕೆ ಅವನದು. ಉಡುಪಿಯ ಮಧ್ವಾಚಾರ್ಯರ ಬಡಗಿ ಮಾಡಿಸುವವನ ಅಧೀನದಲ್ಲಿದ್ದಾನೆ, ಆದರೂ ಮರ ಕೆತ್ತುವವನು ಅವನೇ. ಸ್ವತಂತ್ರನು ಹರಿಯೊಬ್ಬನೇ, ಜೀವನ ಕರ್ತೃತ್ವ ನಿಜವಾದದ್ದೇ ಆದರೂ ಪರತಂತ್ರ ಎಂಬ ಅವರ ನಿಲುವು ಈ ಒಂದು ಚಿತ್ರದಲ್ಲಿ ಅಡಗಿದೆ. ಕೂಲಿಗೆ ದುಡಿದವರಿಗೆ ಮಧ್ವರ ಬಡಗಿಯ ಪರಿಚಯ ಚೆನ್ನಾಗಿರುತ್ತದೆ. ಬಾಗಿಲು ಯಾರಿಗೆ, ಯಾವ ಅಳತೆಗೆ ಎಂಬುದು ಅವನ ಕೈಯಲ್ಲಿಲ್ಲ. ಕೆತ್ತನೆ ಕೆಟ್ಟರೆ ಬೈಗುಳ ಅವನಿಗೇ, ಚೆನ್ನಾಗಿ ಬಂದರೆ ಹೆಮ್ಮೆಯೂ ಅವನದೇ.

ಪಶ್ಚಿಮದಲ್ಲಿ ಮಧ್ವರ ಬಡಗಿಗೆ ಹತ್ತಿರ ಬರುವವನು ಡೇವಿಡ್ ಹ್ಯೂಮ್. ದೇವರ ಜಾಗದಲ್ಲಿ ಕಾರಣಗಳನ್ನು ಇಟ್ಟುಕೊಳ್ಳಬೇಕು, ಅಷ್ಟೆ. ಸಂಕೋಲೆ ಬೇರೆ, ಕಾರಣ ಬೇರೆ ಎಂದು 1748ರಲ್ಲಿ ಅವನು ಬರೆದ. ನನ್ನ ಇಚ್ಛೆಯಂತೆ ನಾನು ನಡೆಯಬಲ್ಲೆನಾದರೆ ನಾನು ಸ್ವತಂತ್ರ. ಆ ಇಚ್ಛೆಗೂ ಕಾರಣವಿದೆ ಎಂಬುದರಿಂದ ಏನೂ ಕೆಡುವುದಿಲ್ಲ. ಕಾಂಟನಿಗೆ ಇದು ಮಾತಿನ ಜಾಣ್ಮೆಯಾಗಿ ಕಂಡಿತು. ಒಮ್ಮೆ ಕೀಲಿ ಕೊಟ್ಟರೆ ತಾನಾಗಿ ತಿರುಗುವ, ಮಾಂಸ ಸುಡುವ ಸರಳಿಗಿರುವ ಸ್ವಾತಂತ್ರ್ಯವೂ ಇಷ್ಟೇ ತಾನೇ ಎಂದು 1788ರಲ್ಲಿ ಕೇಳಿದ. ಈ ಜಗಳ ಇಂದಿಗೂ ಹೆಚ್ಚುಕಡಿಮೆ ಇವರಿಬ್ಬರು ಹಾಕಿಕೊಟ್ಟ ಜಾಡಿನಲ್ಲೇ ನಡೆದಿದೆ.

ಆದರೆ ಇದನ್ನು ಬರೀ ಪಂಡಿತರ ಜಗಳ ಎಂದುಕೊಳ್ಳುವವರು ವಿಲಿಯಂ ಜೇಮ್ಸನ 1870ರ ದಿನಚರಿಯನ್ನು ನೆನೆಯಬೇಕು. ಮುಂದೆ ಅಮೆರಿಕದ ಮನಶ್ಶಾಸ್ತ್ರಕ್ಕೆ ಬುನಾದಿ ಹಾಕಿದ ಈತ ಆಗ 28ರ ಯುವಕ, ವೈದ್ಯಕೀಯ ಓದು ಮುಗಿಸಿ ಗಾಢ ಖಿನ್ನತೆಯಲ್ಲಿ ಮುಳುಗಿದ್ದ. ತಾನು ಬರೀ ನರಗಳ ಯಂತ್ರವಾದರೆ ಎದ್ದು ನಿಲ್ಲುವ ಪ್ರಯತ್ನಕ್ಕೆ ಅರ್ಥವೇ ಇಲ್ಲ ಎಂಬ ಭಯ ಅವನನ್ನು ಕೊರೆಯುತ್ತಿತ್ತು. ಫ್ರೆಂಚ್ ತತ್ತ್ವಜ್ಞ ರೆನೂವ್ಯೇಯನ್ನು ಓದಿದ ಮೇಲೆ ಏಪ್ರಿಲ್ 30ರಂದು ಅವನು ಒಂದು ತೀರ್ಮಾನಕ್ಕೆ ಬಂದ. ಸ್ವತಂತ್ರ ಇಚ್ಛೆಯಿಂದ ತಾನು ಮಾಡುವ ಮೊದಲ ಕೆಲಸವೆಂದರೆ ಸ್ವತಂತ್ರ ಇಚ್ಛೆ ಇದೆಯೆಂದು ನಂಬುವುದು. ತರ್ಕಶಾಸ್ತ್ರದ ಕಣ್ಣಿಗೆ ಇದು ಸುತ್ತುವಾದ. ಆದರೂ ಖಿನ್ನತೆಯನ್ನು ಹತ್ತಿರದಿಂದ ಕಂಡ ಯಾರೂ ಆ ದಿನದ ಬರಹವನ್ನು ಹಗುರವಾಗಿ ತೆಗೆದುಕೊಳ್ಳಲಾರರು.

20ನೆಯ ಶತಮಾನದ ವಾದಗಳಲ್ಲಿ ಮೂರನ್ನು ಬಿಡುವಂತಿಲ್ಲ. 1983ರಲ್ಲಿ ಪೀಟರ್ ವ್ಯಾನ್ ಇನ್ವಾಗನ್ ಹ್ಯೂಮನ ಪಕ್ಷಕ್ಕೆ ಹಾಕಿದ ಗಂಟು ಬಲವಾದದ್ದು: ನಾನು ಹುಟ್ಟುವ ಮುಂಚಿನ ಲೋಕ ನನ್ನ ಕೈಯಲ್ಲಿಲ್ಲ, ನಿಸರ್ಗದ ನಿಯಮಗಳೂ ನನ್ನ ಕೈಯಲ್ಲಿಲ್ಲ, ಇವೆರಡರಿಂದಲೇ ನನ್ನ ಇಂದಿನ ಕೆಲಸ ಹೊರಡುವುದಾದರೆ ಅದೂ ನನ್ನ ಕೈಯಲ್ಲಿಲ್ಲ. ಅದಕ್ಕೂ ಮೊದಲೇ, 1969ರಲ್ಲಿ, ಹ್ಯಾರಿ ಫ್ರಾಂಕ್‌ಫರ್ಟ್ ಬೇರೆ ದಾರಿಯೇ ಇಲ್ಲದಿದ್ದರೂ ಹೊಣೆ ಇರಬಹುದು ಎಂದು ತೋರಿಸಿದ್ದ. ಅವನ ಯುಕ್ತಿಯನ್ನು ನಮ್ಮ ಕಚೇರಿಗೆ ತಂದು ಹೇಳುತ್ತೇನೆ. ಗುಮಾಸ್ತನೊಬ್ಬನ ಮೆದುಳಲ್ಲಿ ಅವನಿಗೆ ತಿಳಿಯದಂತೆ ಯಾರೋ ಒಂದು ಯಂತ್ರ ಇಟ್ಟಿದ್ದಾರೆ. ಲಂಚ ಬೇಡವೆನ್ನುವ ಮನಸ್ಸು ಮೂಡತೊಡಗಿದರೆ ಮಾತ್ರ ಅದು ತಡೆದು ಬೇಕೆನ್ನಿಸುತ್ತದೆ. ಗುಮಾಸ್ತ ಯೋಚನೆ ಕೂಡ ಮಾಡದೆ ತಾನಾಗಿಯೇ ಕೈ ಚಾಚಿದ, ಯಂತ್ರ ಮಿಸುಕಲಿಲ್ಲ. ಅವನಿಗೆ ಬೇರೆ ದಾರಿ ಇರಲಿಲ್ಲ; ತಪ್ಪು ಮಾತ್ರ ಪೂರ್ತಿ ಅವನದೇ.

ಮೂರನೆಯದು ಗೇಲನ್ ಸ್ಟ್ರಾಸನ್‌ನದು. ನೀನು ಹೀಗೆ ಮಾಡಿದ್ದು ನೀನು ಹೀಗಿರುವುದರಿಂದ. ಮಾಡಿದ್ದಕ್ಕೆ ಕೊನೆಯ ಹೊಣೆ ನಿನ್ನದಾಗಬೇಕಾದರೆ ನೀನು ಹೀಗಿರುವುದಕ್ಕೂ ನೀನೇ ಹೊಣೆಯಾಗಬೇಕು. ಅದಕ್ಕೆ ಇನ್ನೂ ಹಿಂದಿನ ನೀನು ಬೇಕು, ಹೀಗೆ ತುದಿಯೇ ಇಲ್ಲ. ಇದನ್ನು ಓದುತ್ತಿದ್ದಂತೆ ನಮ್ಮ ಆಚಾರ್ಯರ ‘ಅನಾದಿ’ ನೆನಪಾಗದಿರದು. ಕರ್ಮ ಅನಾದಿ, ಮಧ್ವರಲ್ಲಿ ಜೀವದ ಯೋಗ್ಯತೆಯೂ ಅನಾದಿ, ಅದರ ಪ್ರಕಾರ ಕೆಲವು ಜೀವಗಳು ಮುಕ್ತಿಗೆ, ಕೆಲವು ತಮಸ್ಸಿಗೆ. ತುದಿಯಿಲ್ಲದ್ದನ್ನು ತುದಿಯಿಲ್ಲವೆಂದೇ ಒಪ್ಪಿಕೊಂಡ ಪ್ರಾಮಾಣಿಕತೆ ಇದರಲ್ಲಿದೆ. ಆದರೆ ಗೇಲನ್‌ನ ಪ್ರಶ್ನೆಗೆ ಇದು ಉತ್ತರವೆಂದು ನನಗೆ ಅನ್ನಿಸುವುದಿಲ್ಲ. ಯಾರೂ ಆರಿಸಿಕೊಳ್ಳದ ಸ್ವಭಾವ ಇಂದಿನದಾದರೇನು, ಎಂದಿನದೋ ಆದರೇನು.

ಮೆದುಳಿನ ಪ್ರಯೋಗಗಳು ಇದನ್ನೆಲ್ಲ ತೀರಿಸಿಬಿಟ್ಟವೆಂದು ಪತ್ರಿಕೆಗಳು ಆಗಾಗ ಬರೆಯುತ್ತವೆ. 1983ರಲ್ಲಿ ಬೆಂಜಮಿನ್ ಲಿಬೆಟ್ ಪ್ರಕಟಿಸಿದ ಪ್ರಯೋಗದಲ್ಲಿ ಜನ ಮನಸ್ಸು ಬಂದಾಗ ಕೈ ಅಲ್ಲಾಡಿಸಬೇಕಿತ್ತು, ಮನಸ್ಸು ಬಂದ ಗಳಿಗೆಯನ್ನು ಗಡಿಯಾರ ನೋಡಿ ಗುರುತಿಸಬೇಕಿತ್ತು. ಕೈ ಅಲ್ಲಾಡುವುದಕ್ಕೆ ಸುಮಾರು 0.55 ಸೆಕೆಂಡು ಮೊದಲೇ ಮೆದುಳಲ್ಲಿ ಸಿದ್ಧತೆಯ ಸಂಕೇತ ಏರತೊಡಗಿತ್ತು. ಅವರಿಗೆ ಮನಸ್ಸು ಬಂದದ್ದು 0.2 ಸೆಕೆಂಡು ಮೊದಲು. ನಾನು ತೀರ್ಮಾನಿಸುವ ಮೊದಲೇ ಮೆದುಳು ತೀರ್ಮಾನಿಸಿತ್ತೇ? 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ಬೇರೊಂದು ವಿವರಣೆ ಕೊಟ್ಟರು: ಆ ಏರಿಕೆ ತೀರ್ಮಾನವಲ್ಲ, ಮೆದುಳಿನಲ್ಲಿ ಸದಾ ಇರುವ ಏರಿಳಿತ ಒಂದು ಗಡಿ ದಾಟುವ ಹಂತ ಮಾತ್ರ. ಅದಿರಲಿ, ಕಾರಣವಿಲ್ಲದೆ ಬೆರಳು ಆಡಿಸುವುದಕ್ಕೂ ಊರು ಬಿಟ್ಟು ಹೋಗಲೇ ಎಂದು ತಿಂಗಳುಗಟ್ಟಲೆ ತೊಳಲಾಡುವುದಕ್ಕೂ ಎಲ್ಲಿಯ ಹೋಲಿಕೆ? ಮೆದುಳಿನ ಗೆರೆಗಳನ್ನು ಮನುಷ್ಯನ ಮಾತಿನ ಜಾಗದಲ್ಲಿ ಕೂರಿಸುವ ಆತುರ ಪೊಲೀಸ್ ತನಿಖೆಗೂ ಕಾಲಿಟ್ಟಿತ್ತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಮೆದುಳಿನ ಪರೀಕ್ಷೆ ಮಾಡುವಂತಿಲ್ಲ ಎಂದು ಅದಕ್ಕೆ ತಡೆ ಹಾಕಿತು.

ನನ್ನನ್ನು ಹೆಚ್ಚು ಅಲುಗಿಸಿದ್ದು ಲಿಬೆಟ್ ಅಲ್ಲ, 2003ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಒಂದು ವರದಿ. ಅಮೆರಿಕದ ಒಬ್ಬ ಶಿಕ್ಷಕನಲ್ಲಿ ನಡುವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮಕ್ಕಳ ಮೇಲೆ ವಿಕೃತ ಕಾಮ ತಲೆಯೆತ್ತಿತು. ಶಿಕ್ಷೆಯಾಯಿತು. ತಲೆನೋವೆಂದು ಆಸ್ಪತ್ರೆಗೆ ಹೋದಾಗ ಮೆದುಳಿನ ಮುಂಭಾಗದಲ್ಲಿ ಗಡ್ಡೆ ಕಂಡಿತು. ತೆಗೆದರು, ಆ ವಿಕಾರ ಹೋಯಿತು. ಗಡ್ಡೆ ಮತ್ತೆ ಬೆಳೆಯಿತು, ವಿಕಾರ ಮತ್ತೆ ಬಂತು. ಮತ್ತೆ ತೆಗೆದರು, ಮತ್ತೆ ಹೋಯಿತು. ತಾನು ಮಾಡುತ್ತಿರುವುದು ತಪ್ಪೆಂದು ಅವನಿಗೆ ಉದ್ದಕ್ಕೂ ಗೊತ್ತಿತ್ತು, ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ನಮ್ಮ ಕಾನೂನು ಕೇಳುವುದು ಗೊತ್ತಿತ್ತೇ ಎಂಬುದನ್ನು ಮಾತ್ರ. 1843ರ ಇಂಗ್ಲೆಂಡಿನ ಮೆಕ್‌ನಾಟನ್ ನಿಯಮಗಳನ್ನು ಅನುಸರಿಸಿ ಬಂದ ಭಾರತೀಯ ದಂಡ ಸಂಹಿತೆಯ 84ನೆಯ ಕಲಂ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಂ, ಕೃತ್ಯದ ಸ್ವರೂಪವನ್ನೋ ಅದು ತಪ್ಪೆಂಬುದನ್ನೋ ಅರಿಯಲಾರದವನಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ಅರಿತೂ ತಡೆಯಲಾರದವನಿಗೆ ಅಲ್ಲಿ ಜಾಗವಿಲ್ಲ. ಗಡ್ಡೆ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಕನಿಕರ ಬರುತ್ತದೆ. ಬಾಲ್ಯದುದ್ದಕ್ಕೂ ಹೊಡೆತ ತಿಂದು ಬೆಳೆದ ಮೆದುಳಿನಲ್ಲಿ ಗಡ್ಡೆ ಕಾಣುವುದಿಲ್ಲ.

ಇಷ್ಟಾದ ಮೇಲೆ ಕುಂಬಾರನ ಅಂಗಳಕ್ಕೆ ಮರಳಬಹುದು. 1962ರಲ್ಲಿ ಬ್ರಿಟಿಷ್ ಅಕಾಡೆಮಿಯಲ್ಲಿ ಪೀಟರ್ ಸ್ಟ್ರಾಸನ್ (ಗೇಲನ್‌ನ ತಂದೆ, ಇಬ್ಬರ ನಿಲುವು ಪೂರ್ತಿ ಎದುರುಬದುರು) ಕೊಟ್ಟ ಉಪನ್ಯಾಸದ ತಿರುಳು ಮಹಾವೀರನ ಪ್ರಶ್ನೆಯೇ. ಸಿಟ್ಟು, ಕೃತಜ್ಞತೆ, ನೋವು, ಕ್ಷಮೆ ಇವು ಒಬ್ಬರನ್ನೊಬ್ಬರು ಮನುಷ್ಯರೆಂದು ಕಾಣುವ ಬಗೆಗಳು. ನಿಯತಿವಾದ ನಿಜವೆಂದು ಭೌತಶಾಸ್ತ್ರಜ್ಞರು ಸಾಧಿಸಿದ ದಿನ ನಮಗೆ ಇವನ್ನೆಲ್ಲ ಕಳಚಿಡಲು ಆಗದು. ಕಾಲು ತುಳಿದವನು ಹುಚ್ಚನೋ ಮಗುವೋ ಆದರೆ ಸಿಟ್ಟು ತಾನಾಗಿ ಇಳಿಯುತ್ತದೆ. ಆದರೆ ಎಲ್ಲರನ್ನೂ ಸದಾ ಹಾಗೆ ಕಾಣುವುದೆಂದರೆ ಯಾರೊಂದಿಗೂ ಬಾಳದಿರುವುದು. ನನ್ನ ಅಜ್ಜಿ ತನ್ನ ಚಿಕ್ಕ ವಯಸ್ಸಿನ ವೈಧವ್ಯವನ್ನು ಹಣೆಬರಹವೆನ್ನುತ್ತಿದ್ದಳು. ತೋಟದಿಂದ ತೆಂಗಿನಕಾಯಿ ಕದ್ದವನ ಬಗ್ಗೆ ಹಣೆಬರಹದ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಹಣೆಬರಹ ನಮ್ಮಲ್ಲಿ ದುಃಖ ತಡೆದುಕೊಳ್ಳುವ ಮಾತು; ತಪ್ಪಿತಸ್ಥನಿಗೆ ಕೊಡುವ ರಿಯಾಯಿತಿಯಲ್ಲ.

ಸ್ಟ್ರಾಸನ್‌ಗೆ ನಾನು ಅರ್ಧ ದಾರಿ ಮಾತ್ರ ಜೊತೆಯಾಗಬಲ್ಲೆ. ಕುಂಬಾರನ ಸಿಟ್ಟು ಕಳ್ಳನನ್ನು ಕರ್ತೃವೆಂದು ಕಾಣುತ್ತದೆ, ಸರಿ. ಅವನು ಹೊಡೆತಕ್ಕೆ, ಸಾವಿಗೆ ಅರ್ಹ ಎಂಬುದು ಅದರಿಂದ ಹೇಗೆ ಬಂತು? ಈ ಬೆಸುಗೆಯನ್ನು ಬಿಡಿಸಲು ಅಮೆರಿಕದ ಡರ್ಕ್ ಪೆರೆಬೂಮ್ 2001ರ ‘ಇಚ್ಛಾಸ್ವಾತಂತ್ರ್ಯವಿಲ್ಲದೆ ಬದುಕುವುದು’ ಎಂಬ ತನ್ನ ಗ್ರಂಥದಲ್ಲಿ ಯತ್ನಿಸಿದ್ದಾನೆ. ಸಾಂಕ್ರಾಮಿಕ ರೋಗ ತಗಲಿದವನನ್ನು ಪ್ರತ್ಯೇಕವಾಗಿ ಇಡುತ್ತೇವೆ, ಅವನು ಅದಕ್ಕೆ ಅರ್ಹನೆಂದಲ್ಲ, ಇತರರ ರಕ್ಷಣೆಗಾಗಿ. ಆದ್ದರಿಂದ ಅಗತ್ಯಕ್ಕಿಂತ ಹೆಚ್ಚು ನೋಯಿಸುವ ಹಕ್ಕು ನಮಗಿಲ್ಲ. ಅಪಾಯಕಾರಿ ಅಪರಾಧಿಯನ್ನೂ ಹಾಗೆಯೇ ಕಾಣಬೇಕು. ರೋಗಿಯ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ರೋಗಿಗೆ ನಾವು ಉತ್ತರ ಕೊಡು ಎನ್ನುವುದಿಲ್ಲ, ಕಳ್ಳನಿಗೆ ಎನ್ನಲೇಬೇಕು.

ಇಲ್ಲಿ ನಮ್ಮ ‘ಹೊಣೆ’ ಎಂಬ ಪದವೇ ನೆರವಿಗೆ ಬರುತ್ತದೆ. ಹಳಗನ್ನಡದಲ್ಲಿ ಪೊಣೆ ಎಂದರೆ ಜಾಮೀನು. ಹೊಣೆಗಾರ ಎಂದರೆ ಜಾಮೀನುದಾರ. ಅವನು ಹೇಳುವುದು ಮುಂದಿನದಕ್ಕೆ ನಾನಿದ್ದೇನೆ ಎಂದು. ತಪ್ಪು ಹೊರಿಸುವವನ ಕಣ್ಣು ಹಿಂದಕ್ಕೆ, ಹೊಣೆ ಹೊರುವವನ ಕಣ್ಣು ಮುಂದಕ್ಕೆ. ನನ್ನನ್ನು ಹೀಗೆ ಮಾಡಿದ ಕಾರಣಗಳಲ್ಲಿ ಒಂದನ್ನೂ ನಾನು ಆರಿಸಿರಲಿಲ್ಲ ಎಂದು ಒಪ್ಪಿಕೊಂಡ ಮೇಲೂ ನಾನು ಮಾಡಿದ್ದಕ್ಕೆ ಹೊಣೆ ನಿಲ್ಲಬಲ್ಲೆ: ಕದ್ದದ್ದನ್ನು ತಿರುಗಿ ಕೊಡಬಲ್ಲೆ, ನೋಯಿಸಿದವರ ಎದುರು ನಿಲ್ಲಬಲ್ಲೆ. ಗೇಲನ್‌ನ ತುದಿಯಿಲ್ಲದ ಸರಪಳಿ ಈ ಹೊಣೆಯನ್ನು ಮುಟ್ಟುವುದಿಲ್ಲ. ಅದು ಕಡಿದುಹಾಕುವುದು ಇವನು ನರಳಲೇಬೇಕೆಂಬ ಹಟವನ್ನು. ಅದು ಹೋದರೆ ನನಗೆ ನಷ್ಟ ಕಾಣುವುದಿಲ್ಲ.

ನಮ್ಮ ನ್ಯಾಯಾಲಯಗಳು ಈ ದಿಕ್ಕಿನಲ್ಲಿ ತಡವರಿಸುತ್ತಲೇ ನಡೆದಿವೆ. 1980ರ ಬಚನ್ ಸಿಂಗ್ ತೀರ್ಪು ಮರಣದಂಡನೆಯನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿ, ಕೃತ್ಯವನ್ನಷ್ಟೇ ಅಲ್ಲದೆ ಮನುಷ್ಯನನ್ನೂ ನೋಡಬೇಕು, ಅವನು ಸುಧಾರಿಸಲಾರ ಎಂಬುದನ್ನು ಸರ್ಕಾರವೇ ತೋರಿಸಬೇಕು ಎಂದಿತು. ನಾಲ್ಕು ದಶಕ ಇದು ಬಹುಮಟ್ಟಿಗೆ ಕಾಗದದ ಮೇಲೆ ಉಳಿಯಿತು. 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆರೋಪಿಯ ಬಾಲ್ಯ, ಮನೆಯ ಸ್ಥಿತಿ, ಅನುಭವಿಸಿದ ಹಿಂಸೆ, ಓದು, ಆದಾಯ, ಮಾನಸಿಕ ಸ್ಥಿತಿ, ಜೈಲಿನಲ್ಲಿನ ನಡತೆ ಇವುಗಳ ವಿವರ ನ್ಯಾಯಾಧೀಶರ ಮುಂದೆ ಬರಲೇಬೇಕೆಂದು ಸೂಚಿಸಿತು. ಕಾಣದ ಗಡ್ಡೆಯನ್ನು ಕಾಣಿಸುವ ಮೊದಲ ಹೆಜ್ಜೆ ಇದು.

ಮಹಾಭಾರತದ ಅನುಶಾಸನ ಪರ್ವ ತೆರೆದುಕೊಳ್ಳುವುದು ಹೊಣೆ ಯಾರದು ಎಂಬ ಇದೇ ಪ್ರಶ್ನೆಯಿಂದ. ಶರಶಯ್ಯೆಯ ಮೇಲಿರುವ ಭೀಷ್ಮನ ಎದುರು, ಈ ಸಾವುಗಳಿಗೆಲ್ಲ ನಾನೇ ಕಾರಣ ಎಂದು ಯುಧಿಷ್ಠಿರ ಕೊರಗುತ್ತಾನೆ. ಭೀಷ್ಮ ಗೌತಮಿಯೆಂಬ ಮುದುಕಿಯ ಕಥೆ ಹೇಳುತ್ತಾನೆ. ಅವಳ ಮಗ ಹಾವು ಕಚ್ಚಿ ಸತ್ತ. ಅರ್ಜುನಕನೆಂಬ ಬೇಡ ಹಾವನ್ನು ಹಗ್ಗದಲ್ಲಿ ಬಿಗಿದು ತಂದು, ಬೆಂಕಿಗೆ ಹಾಕಲೇ, ತುಂಡರಿಸಲೇ ಎಂದು ಕೇಳುತ್ತಾನೆ. ಹಾವು ವಾದಿಸುತ್ತದೆ, ನಾನು ಪರಾಧೀನ, ಮೃತ್ಯು ನನ್ನನ್ನು ಕಳಿಸಿದ. ಮೃತ್ಯು ಬಂದು ಕಾಲನ ಕಡೆ ಕೈ ತೋರಿಸುತ್ತಾನೆ. ಕಾಲ ಬಂದು, ನಾವು ಮೂವರೂ ಅಲ್ಲ, ಹುಡುಗನ ಕರ್ಮವೇ ಕಾರಣ ಎನ್ನುತ್ತಾನೆ. ಆ ಕೊನೆಯ ಉತ್ತರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಸತ್ತ ಮಗುವಿನ ಮೇಲೆ ಹೊರೆ ಹಾಕಿ ಮುಗಿಸುವ ವಾದ ಅದು. ಆದರೆ ಕಥೆಯನ್ನು ಮೊದಲಿನಿಂದ ಓದಿದರೆ ಒಂದು ಸಂಗತಿ ಕಾಣುತ್ತದೆ. ಬಿಟ್ಟುಬಿಡು, ಇದನ್ನು ಕೊಂದರೆ ನನ್ನ ಮಗ ಬದುಕಿ ಬರುವುದಿಲ್ಲ ಎಂದು ಗೌತಮಿ ಹೇಳಿದ್ದು ಹಾವು ಬಾಯಿ ತೆರೆಯುವುದಕ್ಕೂ ಮೊದಲು, ಅದರ ತಪ್ಪು ಎಷ್ಟು ಎಂಬುದು ಇನ್ನೂ ಇತ್ಯರ್ಥವಾಗಿರದಿದ್ದಾಗ. ಉದ್ದಕ್ಕೂ ವಾದ ಬೇಕಾಗಿದ್ದದ್ದು ಹಗ್ಗ ಹಿಡಿದಿದ್ದ ಬೇಡನಿಗೆ.